ಆ್ಯಪಿನಿಂದ ತೆಗೆದ ದನಿ

ತಂಗೀ, ತಮ್ಮಾ, ಮೊಮ್ಮಕ್ಕಳಾದರೂ ನಿಮ್ಮಿಬ್ಬರನ್ನೂ ನಾನು ಹೆಸರು ಹಿಡಿದು ಕರೆದದ್ದು ಕಡಿಮೆ. ಇಲ್ಲಿಯೂ ಹೀಗೇ ಕರೆಯುತ್ತೇನೆ. ಕನ್ನಡ ಮಾತಾಡಿದರೆ ನಿಮಗೆ ತಿಳಿಯುತ್ತದೆ, ಓದಲು ಇನ್ನೂ ತಡವರಿಸುತ್ತೀರಿ. ಅವಸರವಿಲ್ಲ, ಬಂದಾಗ ಓದಿ. ಎದುರು ಕೂರಿಸಿಕೊಂಡು ಹೇಳೋಣವೆಂದರೆ ನನಗೆ ಮಾತು ಹೊರಡುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ಇಯತ್ತೆ ತನಕ ಓದಿದ್ದೇನೆ, ಆದ್ದರಿಂದ ಬರೆಯಲು ಬರುತ್ತದೆ.

ನೀವು ರೊಟ್ಟಿ ದೊಡ್ಡವ್ವ ಎಂದು ಕರೆಯುತ್ತಿದ್ದ ಆಂಟಾಪ್ ಹಿಲ್‌ನ ಅಕ್ಕ ಈಗ ನಮ್ಮ ಮನೆಗೆ ಯಾಕೆ ಬರುವುದಿಲ್ಲ ಎಂದು ನೀವು ಮೇಲಿಂದ ಮೇಲೆ ಕೇಳುತ್ತೀರಿ. ಆ ಮಾತು ಬಂದ ಕೂಡಲೇ ನಿಮ್ಮ ಮಮ್ಮಿ ಎದ್ದು ಅಡಿಗೆಮನೆಗೆ ಹೋಗುತ್ತಾಳೆ. ನಾನು ಬೇರೆ ಏನೋ ಹೇಳಿ ಮಾತು ತಿರುಗಿಸುತ್ತೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಸಯನ್‌ಗೆ ಬರುವ ಮೊದಲು ಆಂಟಾಪ್ ಹಿಲ್‌ನಲ್ಲಿ ಅಕ್ಕನ ಖೋಲಿಯ ಗೋಡೆಗೆ ಗೋಡೆ ಹಚ್ಚಿದ ಖೋಲಿಯಲ್ಲಿದ್ದೆವು. ಅವಳ ಊರು ನಮ್ಮ ಊರಿಗೆ ಹತ್ತಿರ, ವಿಜಾಪುರದ ಕಡೆ. ನಿಮ್ಮ ಅಜ್ಜ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದರು, ಅಂದರೆ ಸ್ಲ್ಯಾಬ್ ಹಾಕುವ ಮೊದಲು ಕೆಳಗೆ ಹಲಗೆ, ಕಂಬ ನಿಲ್ಲಿಸುವ ಕೆಲಸ. ಅಕ್ಕನ ಗಂಡನೂ ಅದೇ ಕೆಲಸದವರು, ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಅವಳು ರೊಟ್ಟಿ ಬಡಿದು ಮಾರಿ ಮಗಳನ್ನು ಬೆಳೆಸಿ, ಕಲ್ಯಾಣಕ್ಕೆ ಮದುವೆ ಮಾಡಿ ಕೊಟ್ಟಳು. ಆಮೇಲೆ ಒಬ್ಬಳೇ ಉಳಿದಳು. ಅವಳ ಜೋಳದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಬೆರಳು ಕಾಣುತ್ತಿತ್ತು. ಓಣಿಯ ಉಳಿದ ಹೆಂಗಸರೂ ಅವಳನ್ನು ನೋಡಿಯೇ ಈ ಕೆಲಸಕ್ಕೆ ಇಳಿದದ್ದು. ಸಯನ್, ಮಾಟುಂಗಾ, ವಡಾಳದ ಬಿಲ್ಡಿಂಗುಗಳಿಂದ ಅವರಿಗೆ ಆರ್ಡರ್ ಬರುತ್ತಿತ್ತು.

ಮೊದಲು ಎಲ್ಲ ಆರ್ಡರುಗಳೂ ಒಂದು ಮೆಸೇಜ್ ಗ್ರೂಪಿನಲ್ಲಿ ಬೀಳುತ್ತಿದ್ದವು. ಯಾರು ಮೊದಲು ಹೂಂ ಎಂದರೋ ಅವರಿಗೆ. ಅದಕ್ಕೆ ದಿನಾ ಜಗಳ. ಒಂದೇ ಆರ್ಡರಿಗೆ ಇಬ್ಬರು ರೊಟ್ಟಿ ಮಾಡಿ, ಒಬ್ಬಳದ್ದು ಉಳಿದು, ಅವಳು ಇನ್ನೊಬ್ಬಳ ಬಾಗಿಲಿಗೆ ಹೋಗಿ ಕೂಗಾಡಿದ್ದೂ ಉಂಟು. ನಾನು ಈ ಕಥೆಗಳನ್ನು ಮನೆಯಲ್ಲಿ ಹೇಳಿ ನಗುತ್ತಿದ್ದೆ. ನಿಮ್ಮ ಮಮ್ಮಿ ನಗಲಿಲ್ಲ. ಆಫೀಸಿನಲ್ಲಿ ಅವಳದ್ದು ಆ್ಯಪ್ ಕಟ್ಟುವ ಕೆಲಸವೇ ಅಲ್ಲವೇ, ಇವರಿಗೂ ಒಂದು ಮಾಡಿಕೊಡುತ್ತೇನೆ ಎಂದಳು. ರಜೆಯ ದಿನಗಳಲ್ಲಿ ಕೂತು ಮಾಡಿಯೂ ಬಿಟ್ಟಳು. ಆರ್ಡರ್ ಸರದಿಯ ಪ್ರಕಾರ ಒಬ್ಬೊಬ್ಬರಿಗೆ ಹೋಗುವುದು, ಸ್ವಲ್ಪ ಹೊತ್ತಿನಲ್ಲಿ ಅವರು ಒಪ್ಪದಿದ್ದರೆ ಮುಂದಿನವರಿಗೆ ಹೋಗುವುದು.

ಅದರಲ್ಲಿ ಒಂದು ದನಿಯೂ ಇತ್ತು. ರೊಟ್ಟಿ ಮಾಡುವವರ ಎರಡೂ ಕೈಗಳಲ್ಲಿ ಹಿಟ್ಟು ಇರುತ್ತದೆ. ಬಿಸಿನೀರು ಹಾಕಿ ನಾದಿದ ಜೋಳದ ಹಿಟ್ಟನ್ನು ಆಗಿಂದಾಗಲೇ ಬಡಿಯಬೇಕು, ಬಿಟ್ಟರೆ ಜಿಗಿ ಹೋಗಿ ರೊಟ್ಟಿ ಬಿರಿಯುತ್ತದೆ. ನಡುವೆ ಕೈ ತೊಳೆದು, ಚಷ್ಮಾ ಹುಡುಕಿ, ಫೋನು ಓದಲು ಆಗುವುದಿಲ್ಲ. ಅದಕ್ಕೆ ಆರ್ಡರ್ ಬಂದ ಕೂಡಲೇ ಫೋನೇ ಮಾತಾಡಿ ಹೇಳುವಂತೆ ಮಾಡಿದಳು. ಎಷ್ಟು ರೊಟ್ಟಿ, ಯಾವ ಕಡೆಗೆ, ಎಷ್ಟು ಗಂಟೆಗೆ. ಕೇಳಿಸಿಕೊಂಡು ಬೇಕಾದರೆ ಮುಷ್ಟಿಯ ಗೆಣ್ಣಿನಿಂದ ದೊಡ್ಡ ಹಸಿರು ಗುಂಡಿ ಒತ್ತಿದರೆ ಮುಗಿಯಿತು.

ಆ ದನಿ ನನ್ನದು. ಬೇಡವೆಂದರೂ ನಿಮ್ಮ ಪಪ್ಪಾ ಬಿಡಲಿಲ್ಲ. ಲೋಕಲ್ ಗಾಡಿಯ ಸಪ್ಪಳ ಬರಬಾರದೆಂದು ಕಿಟಕಿ ಮುಚ್ಚಿ, ತಲೆಯ ಮೇಲೆ ಕೌದಿ ಹೊದ್ದುಕೊಂಡು ಕೂತು ಹೇಳಿದೆ. "ಜೋಳದ ರೊಟ್ಟಿ ಇಪ್ಪತ್ತು. ಸಯನ್. ಹನ್ನೊಂದು ಗಂಟೆಗೆ." ಮತ್ತೆ ಮೂವತ್ತು ಎಂದು, ಮತ್ತೆ ಮಾಟುಂಗಾ ಎಂದು, ಸಜ್ಜೆ ರೊಟ್ಟಿಗೆ ಬೇರೆ, ಶೇಂಗಾ ಚಟ್ನಿಗೆ ಬೇರೆ. ನಿಮ್ಮ ಮಮ್ಮಿ ನೂರಾರು ಮಾತು ಹೀಗೆ ಇಡಿಯಾಗಿ ಹೇಳಿಸಿದಳು. ಬೆವತು ನೀರಾಗಿದ್ದೆ.

ಅಕ್ಕ ಅದನ್ನು ಕೇಳಿ ನಕ್ಕದ್ದೇ ನಕ್ಕದ್ದು. "ಮಂದ್ಯಾಗ ಕೂತ್ರ ಬಾಯಾಗ ಕಡುಬು ಇಟ್ಕೊಂಡಂಗ ಕೂರ್ತಿ, ಫೋನಿನಾಗ ನನಗ ಹುಕುಂ ಮಾಡ್ತೀ ಏನ?" ಎಂದಳು. ಅವಳಿಗೆ ಆ ದನಿ ಹಿಡಿಸಿತ್ತು. ಉಳಿದವರ ಮನೆಗಳಲ್ಲಿ ಸೊಸೆಯೋ ಮಕ್ಕಳೋ ಫೋನು ನೋಡಿ ಹೇಳುತ್ತಿದ್ದರು. ಅಕ್ಕನ ಖೋಲಿಯಲ್ಲಿ ಇನ್ನೊಬ್ಬರಿಲ್ಲ. ಒಮ್ಮೆ ಹಂಚಿನ ಮುಂದೆ ಕೂತು, ನನ್ನ ಮುಖ ನೋಡದೆ, "ನೀ ಸಯನ್‌ಗೆ ಹೋಗಿ ಭಾಳ ದಿನಾ ಆತು. ಈಗ ಗ್ವಾಡಿ ಆಚಿಗೆ ಇದ್ದಂಗ ಆಗ್ತೈತಿ" ಎಂದಿದ್ದಳು.

ಆದರೆ ಆ್ಯಪು ದೊಡ್ಡದಾಗಿತ್ತು. ನೋಡಲು ಏನೂ ಇಲ್ಲ, ನಾಲ್ಕು ಪುಟ, ಒಂದು ಗುಂಡಿ. ಫೋನಿನಲ್ಲಿ ಕೂತರೆ ಮಾತ್ರ ಜಾಗವೆಲ್ಲ ಅದಕ್ಕೇ. ಯಾಕೆ ಹೀಗೆ ಎಂದು ನಾನು ಕೇಳಿದಾಗ ನಿಮ್ಮ ಮಮ್ಮಿ ವಿವರಿಸಿದ್ದಳು. ಈಗಿನವರು ಆ್ಯಪನ್ನು ಬುಡದಿಂದ ಬರೆಯುವುದಿಲ್ಲವಂತೆ. ಫ್ರೇಮ್‌ವರ್ಕ್ ಎಂದು ಇರುತ್ತದೆ. ಗುಂಡಿ, ಪಟ್ಟಿ, ನಕಾಶೆ, ಕ್ಯಾಲೆಂಡರು ಎಲ್ಲ ಮೊದಲೇ ಮಾಡಿಟ್ಟದ್ದು. ಅದನ್ನು ಇಟ್ಟುಕೊಂಡು ಮೇಲೆ ನಮ್ಮ ಕೆಲಸ ಕಟ್ಟುವುದು. ಬೇಗ ಆಗುತ್ತದೆ. ಆದರೆ ನಮಗೆ ಗುಂಡಿ ಒಂದೇ ಬೇಕಿದ್ದರೂ ಇಡೀ ಸಂಸಾರ ಜೊತೆಗೆ ಬರುತ್ತದೆ. ನನಗೆ ನಿಮ್ಮ ಅಜ್ಜನ ಕೆಲಸ ನೆನಪಾಯಿತು. ಸ್ಲ್ಯಾಬ್ ಗಟ್ಟಿಯಾದ ಮೇಲೆ ಅವರು ಹಲಗೆ, ಕಂಬ ಎಲ್ಲ ಬಿಚ್ಚಿ ಬೇರೆ ಕಡೆ ಒಯ್ಯುತ್ತಿದ್ದರು. ಇಲ್ಲಿ ಅವೆಲ್ಲ ಮನೆಯೊಳಗೇ ಉಳಿದಿದ್ದವು. ಹಾಗೆ ಹೇಳಿದೆ. "ಬಸ್, ಅದೇ ಅತ್ತೆ," ಎಂದು ಅವಳು ನಕ್ಕಳು.

ಓಣಿಯ ಹೆಂಗಸರ ಫೋನುಗಳು ಮಕ್ಕಳು ಬಳಸಿ ಬಿಟ್ಟ ಹಳೆಯವು. ಅವುಗಳ ತುಂಬ ಮೊಮ್ಮಕ್ಕಳ ವಿಡಿಯೋ, ದೇವರ ಫೋಟೋ, ಊರಿನ ಮದುವೆಗಳು. ಆ್ಯಪು ಹಾಕಲು ಹೋದರೆ ಜಾಗವಿಲ್ಲ ಎಂದು ಬರುತ್ತಿತ್ತು. ಒಬ್ಬಳಂತೂ ದಿನಾ ಸಂಜೆ ಅದನ್ನು ತೆಗೆದು ಭಜನೆಯ ವಿಡಿಯೋ ತುಂಬಿಕೊಳ್ಳುತ್ತಿದ್ದಳು, ಮುಂಜಾನೆ ಅವನ್ನು ಅಳಿಸಿ ಮತ್ತೆ ಆ್ಯಪು ಹಾಕುತ್ತಿದ್ದಳು. "ಚಪ್ಪಲಿ ಹಂಗ ನೋಡ್ರಿ, ಹೊರಗ ಹೋಗೂವಾಗ ಹಾಕ್ಕೊಳ್ಳೂದು, ಒಳಗ ಬಂದ ಮ್ಯಾಲೆ ಬಿಡೂದು" ಎಂದು ನನ್ನ ಮುಂದೆಯೇ ಹೇಳಿದಳು. ಕೆಲವರು ಬೇಸತ್ತು ಹಳೆಯ ಗ್ರೂಪಿಗೇ ಹೋದರು, ಮತ್ತೆ ಜಗಳ ಶುರುವಾಯಿತು. ಎಲ್ಲರೂ ಇದ್ದರೆ ಮಾತ್ರ ಸರದಿ ನಡೆಯುವುದು. ಆ್ಯಪನ್ನು ಸಣ್ಣದು ಮಾಡದೆ ಬೇರೆ ದಾರಿ ಇರಲಿಲ್ಲ.

ಆ ದಿನಗಳಲ್ಲಿ ನಿಮ್ಮ ಮಮ್ಮಿ ಆಫೀಸಿಗೆ ಹೋಗುವ ಗಾಡಿಯಲ್ಲೂ ಅದನ್ನೇ ಮಾಡುತ್ತಿದ್ದಳು. ಬೇರೆ ಬೇರೆ ಜಾತಿಯ ಫೋನುಗಳಿಗೆ ಬೇರೆ ಬೇರೆ ಪ್ರತಿ ಬೇಕಂತೆ, ಅವೆಲ್ಲ ಒಂದೇ ಗಂಟಿನಲ್ಲಿ ಹೋಗುತ್ತಿದ್ದವು. ಬಿಡಿಸಿ, ಯಾವ ಫೋನಿಗೆ ಯಾವುದೋ ಅಷ್ಟೇ ಹೋಗುವಂತೆ ಮಾಡಿದಳು. ರೊಟ್ಟಿ, ಚಟ್ನಿಯ ಫೋಟೋಗಳನ್ನು ಹಗುರ ಮಾಡಿದಳು. ಕನ್ನಡ ಅಕ್ಷರಗಳು ಫೋನಿನಲ್ಲೇ ಇರುತ್ತವೆ, ಮತ್ತೆ ಹೊತ್ತುಕೊಂಡು ಹೋಗುವುದೇಕೆ ಎಂದು ಆ್ಯಪಿನವನ್ನು ತೆಗೆದಳು. ಯಾವ ಭಾಗವನ್ನು ಯಾವ ಭಾಗ ಕರೆಯುತ್ತದೆ ಎಂದು ಹುಡುಕುತ್ತ ಹೋಗಿ, ಯಾರೂ ಕರೆಯದ್ದನ್ನು ಕತ್ತರಿಸಿ ಬಿಸಾಡುವ ಒಂದು ಉಪಕರಣವಿದೆಯಂತೆ, ಅದನ್ನೂ ಓಡಿಸಿದಳು. ಅದು ಒಮ್ಮೆ ಬೇಕಾದದ್ದನ್ನೇ ಕತ್ತರಿಸಿಬಿಟ್ಟಿತು. ಆರ್ಡರ್ ತೆರೆದರೆ ಆ್ಯಪು ಮುಚ್ಚಿಹೋಗುತ್ತಿತ್ತು. ಆ ಭಾಗವನ್ನು ಸುತ್ತುದಾರಿಯಲ್ಲಿ ಕರೆಯುತ್ತಿದ್ದರಿಂದ ಉಪಕರಣಕ್ಕೆ ಅದು ಕಾಣಲಿಲ್ಲವಂತೆ. ಇದನ್ನು ಮುಟ್ಟಬೇಡ ಎಂದು ಅವಳು ಕೈಯಾರೆ ಬರೆದು ಹೇಳಬೇಕಾಯಿತು.

ಇಷ್ಟಾದರೂ ಹಳೆಯ ಫೋನುಗಳಿಗೆ ಭಾರವೇ ಆಗಿತ್ತು. ಉಳಿದದ್ದು ನನ್ನ ದನಿ. ಆ ನೂರಾರು ಮಾತುಗಳೇ ದೊಡ್ಡ ಪಾಲು ತಿನ್ನುತ್ತಿದ್ದವು. ಅಷ್ಟರಲ್ಲಿ ಊರಿನಲ್ಲಿ ನಿಮ್ಮ ಅಜ್ಜನ ವರ್ಷದ ಕಾರ್ಯ ಬಂತು. ನಾನೂ ನಿಮ್ಮ ಪಪ್ಪಾನೂ ಹೋದೆವು. ಪಪ್ಪಾ ಬೇಗ ತಿರುಗಿದರು, ಮೈದುನನ ಮನೆಯವರು ಬಿಡದೆ ನನ್ನನ್ನು ಇಟ್ಟುಕೊಂಡರು. ಆ ಹೊತ್ತಿನಲ್ಲಿ ನಾನು ಇಲ್ಲಿ ಇರಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ನಿಮ್ಮ ಮಮ್ಮಿ ಯಾರನ್ನೂ ಕೇಳದೆ ದನಿ ತೆಗೆಯಲಿಲ್ಲ. ಇದನ್ನು ನೀವು ಚೆನ್ನಾಗಿ ತಿಳಿದಿರಬೇಕು. ಮೊದಲು ಉಳಿದವರನ್ನು ಫೋನಿನಲ್ಲಿ ಕೇಳಿದಳು, ಅವರಿಗೆ ಬೇಕಿರಲಿಲ್ಲ. ಅಕ್ಕನಿಗೆ ಬೇಕಾಗಬಹುದು ಎಂದು ತಾನೇ ಆಂಟಾಪ್ ಹಿಲ್‌ಗೆ ಹೋಗಿ, ಅವಳ ಎದುರು ಕೂತು ಕೇಳಿದಳು. ದನಿ ತೆಗೆದರೆ ಆ್ಯಪು ಎಲ್ಲರ ಫೋನಿನಲ್ಲಿ ಹಿಡಿಸುತ್ತದೆ, ನಿಮಗೆ ಬೇಕಿದ್ದರೆ ಇರಲಿ, ಬೇರೆ ಏನಾದರೂ ಮಾಡುತ್ತೇನೆ ಎಂದಳು. ಅಕ್ಕ ಚಹಾ ಕೊಟ್ಟು, ತಲೆ ಸವರಿ, "ನನಗೇನ ಬ್ಯಾಡವ್ವಾ, ತಗದಬಿಡು. ನನ್ನೊಬ್ಬಾಕಿ ಸಲುವಾಗಿ ನಿನಗ್ಯಾಕ ತ್ರಾಸು" ಎಂದಳು. ನಿಮ್ಮ ಮಮ್ಮಿ ಹಗುರಾಗಿ ಮನೆಗೆ ಬಂದಳು.

ನಮ್ಮ ಕಡೆ ಬೇಕು ಎಂದು ಬಾಯಿಬಿಟ್ಟು ಕೇಳುವುದು ದೊಡ್ಡ ನಾಚಿಕೆ. ಊಟಕ್ಕೆ ಕೂತಾಗ ರೊಟ್ಟಿ ತಂದರೆ ತಾಟಿನ ಮೇಲೆ ಕೈ ಅಡ್ಡ ಹಿಡಿದು ಬೇಡ ಎನ್ನುತ್ತೇವೆ. ಬಡಿಸುವವರು ನಿಂತು ಇನ್ನೊಮ್ಮೆ, ಮತ್ತೊಮ್ಮೆ ಕೇಳಿ, ಕೈ ಸರಿಸಿ ಹಾಕುತ್ತಾರೆ. ಒಂದೇ ಸಲ ಕೇಳಿ ಮುಂದೆ ಹೋದರೆ ಉಣ್ಣುವವರಿಗೆ ಅವಮಾನ. ಅದು ನಮಗೆ ಯಾರೂ ಕಲಿಸಿದ್ದಲ್ಲ. ನಿಮ್ಮ ಮಮ್ಮಿ ವಿಲೆ ಪಾರ್ಲೆಯಲ್ಲಿ ಹುಟ್ಟಿ ಬೆಳೆದವಳು. ಮನೆಯಲ್ಲಿ ತುಳು, ಹೊರಗೆ ಹಿಂದಿ, ಮರಾಠಿ. ಒಬ್ಬರು ಬೇಡ ಎಂದರೆ ಆ ಮಾತಿಗೆ ಬೆಲೆ ಕೊಡಬೇಕು, ಒತ್ತಾಯ ಮಾಡಬಾರದು ಎಂದು ಕಲಿತವಳು. ಅದೂ ಒಳ್ಳೆಯ ನಡತೆಯೇ. ಮದುವೆಯಾಗಿ ಬಂದ ಹೊಸದರಲ್ಲಿ ನನಗೂ ಒಂದೇ ಸಲ ಕೇಳುತ್ತಿದ್ದಳು, ನಾನು ಅರೆಹೊಟ್ಟೆಯಲ್ಲಿ ಏಳುತ್ತಿದ್ದೆ. ಆಮೇಲೆ ನಾನೇ ಬಡಿಸಿಕೊಳ್ಳಲು ಕಲಿತೆ.

ಊರಿನಿಂದ ಬಂದ ಮೇಲೆ ಗುರೆಳ್ಳಿನ ಚಟ್ನಿ ಕೊಡಲು ಅಕ್ಕನ ಖೋಲಿಗೆ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಫೋನು ಗೋಡೆಯ ಗೂಡಿನಲ್ಲಿತ್ತು. ಅದು ಟಿಣ್ ಎಂದಿತು, ಮಾತಾಡಲಿಲ್ಲ. ಅಕ್ಕ ತಲೆ ಎತ್ತಿ ನೋಡಿ ಮತ್ತೆ ಬಡಿಯತೊಡಗಿದಳು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಕೈ ತೊಳೆದು, ಸೆರಗಿಗೆ ಒರೆಸಿ, ಚಷ್ಮಾ ಹಾಕಿಕೊಂಡು ಫೋನು ತೆಗೆಯುವಷ್ಟರಲ್ಲಿ ಆರ್ಡರು ಮುಂದಿನವಳಿಗೆ ಹೋಗಿತ್ತು. ಇತ್ತ ಹಿಟ್ಟು ಆರಿತ್ತು. ಅವಳು ಏನೂ ಆಗದವಳಂತೆ ಫೋನನ್ನು ಅಲ್ಲೇ ಇಟ್ಟಳು.

"ಯಾಕಕ್ಕಾ, ದನಿ ಬರವಲ್ತು?" ಎಂದೆ.

"ಅದನ್ನ ತಗದಾರವಾ. ನಿನ್ನ ಸೊಸಿ ಪಾಪ, ಕೇಳಾಕ ಬಂದಿದ್ಲು. ನಾನ ಬ್ಯಾಡ ಅಂದೆ."

"ಬೇಕಿತ್ತಲ್ಲ ನಿನಗ?"

ಅಕ್ಕ ಹಿಟ್ಟಿಗೆ ಮತ್ತೆ ಬಿಸಿನೀರು ಚಿಮುಕಿಸಿದಳು. ಆಮೇಲೆ ಹೇಳಿದಳು. "ಬೇಕಂತ ಹೆಂಗ ಹೇಳಲಿ? ಎಲ್ಲಾರಿಗೂ ಅನುಕೂಲ ಆಗ್ತೈತಿ ಅಂತ ಆಕಿ ಹೇಳಾಕತ್ತಾಗ ನಾನೊಬ್ಬಾಕಿ ಅಡ್ಡ ಬೀಳ್ಲಾ? ಇನ್ನೊಂದ ಸಲಾ ಕೇಳ್ತಾಳು ಅಂದ್ಕೊಂಡೆ. ಕೇಳಲಿಲ್ಲ. ಬಿಡು, ಬ್ಯಾಡಾಗಿದ್ದೀನಿ ಅಂತ ತಿಳಕೊಂಡೆ."

ಹೀಗೆ ಎಷ್ಟೋ ಆರ್ಡರು ಅವಳ ಕೈ ತಪ್ಪಿದ್ದವಂತೆ. ಅವಳು ಒಪ್ಪದಿರುವುದನ್ನು ನೋಡಿ, ಅಕ್ಕನಿಗೆ ಈಗ ಆಗುವುದಿಲ್ಲ, ವಯಸ್ಸಾಯಿತು ಎಂದು ಓಣಿಯಲ್ಲಿ ಮಾತು ಎದ್ದಿತ್ತು. ಅವಳಿಂದಲೇ ಕಲಿತವರು ಹಾಗೆಂದದ್ದು ಅವಳ ಕಿವಿಗೂ ಬಿದ್ದಿತ್ತು. ನನಗೆ ಅದನ್ನು ಅವಳು ಹೇಳಲಿಲ್ಲ, ಭಜನೆಯ ವಿಡಿಯೋದವಳು ಬಸ್ ಸ್ಟಾಪಿನವರೆಗೆ ಬಂದು ಹೇಳಿದಳು.

ಸಂಜೆ ನಿಮ್ಮ ಮಮ್ಮಿ ಆಫೀಸಿನಿಂದ ಬಂದು ಚಹಾ ಕುಡಿಯುವಾಗ ಎಲ್ಲ ಹೇಳಿದೆ. ಅವಳು ಕಪ್ಪು ಕೆಳಗಿಟ್ಟಳು.

"ಅತ್ತೆ, ನಾನು ಹೋಗಿ ಕೇಳಿದ್ದೆ ನಾ. ಸಾಮ್ನೆ ಕೂತು ಕೇಳಿದ್ದೆ. ಬೇಡ ಅಂದ್ರೆ ಬೇಡ ಅಲ್ವಾ?"

ನಮ್ಮ ರೂಢಿಯನ್ನು ನನಗೆ ಬಂದಂತೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. "ಹಾಗಾದ್ರೆ ನೀವೂ ನನಗೆ ಬೇಡ ಅಂದದ್ದು ಎಷ್ಟು ಸಲ ಖರೆ, ಎಷ್ಟು ಸಲ ಸುಳ್ಳು?" ಎಂದಳು. ನಾನು ಅವಳ ಕಪ್ಪು ಎತ್ತಿಕೊಂಡು ಅಡಿಗೆಮನೆಗೆ ಹೋದೆ.

ಮರುದಿನದಿಂದಲೇ ಅವಳು ಮತ್ತೆ ಕೂತಳು. ಇಡೀ ಮಾತುಗಳ ಬದಲು ಬಿಡಿ ಬಿಡಿ ಪದ ಹೇಳಿಸಿದಳು, ಅಂಕಿಗಳು ಬೇರೆ, ಜಾಗದ ಹೆಸರುಗಳು ಬೇರೆ, ತಿನಿಸುಗಳು ಬೇರೆ. ಆರ್ಡರ್ ಬಂದಾಗ ಆ್ಯಪು ತಾನೇ ಅವನ್ನು ಜೋಡಿಸಿ ಹೇಳುವುದು. ನೂರಾರು ಮಾತಿನ ಜಾಗದಲ್ಲಿ ಕೆಲವೇ ಪದಗಳಾದವು. ಅವನ್ನೂ ಆ್ಯಪಿನ ಜೊತೆ ಕಳಿಸದೆ, ಬೇಕಾದವರು ಮಾತ್ರ ಆಮೇಲೆ ಇಳಿಸಿಕೊಳ್ಳುವಂತೆ ಬೇರೆ ಇಟ್ಟಳು. ಉಳಿದವರ ಫೋನಿಗೆ ಏನೂ ಭಾರವಿಲ್ಲ. ಇಷ್ಟು ಸುಲಭದ ದಾರಿ ಮೊದಲೇ ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು. ಬೇಕು ಎಂದು ಒಬ್ಬರಾದರೂ ಹೇಳಿದ್ದರೆ ಹೊಳೆಯುತ್ತಿತ್ತು, ಹೇಳಲಿಲ್ಲ, ಅದಕ್ಕೇ ಹುಡುಕಲಿಲ್ಲ ಎಂದಳು.

ಭಾನುವಾರ ನಾವಿಬ್ಬರೂ ಆಂಟಾಪ್ ಹಿಲ್‌ಗೆ ಹೋದೆವು. ಅಕ್ಕ ರೊಟ್ಟಿಯ ಮಣೆಯನ್ನು ತೊಳೆದು ಗೋಡೆಗೆ ಆನಿಸಿದ್ದಳು. ಸಯನ್ ಸ್ಟೇಷನ್ನಿನ ಆಚೆ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಒಪ್ಪಿಕೊಂಡಿದ್ದಳು, ಸೋಮವಾರದಿಂದ. ಅಲ್ಲಿ ಕೂರಲು ಆಗುವುದಿಲ್ಲ, ದೊಡ್ಡ ಒಲೆಯ ಮುಂದೆ ನಿಂತೇ ಮಾಡಬೇಕು. ಅವಳ ಮೊಣಕಾಲು ಮೊದಲೇ ನೋಯುತ್ತಿದ್ದವು.

ನಿಮ್ಮ ಮಮ್ಮಿ ಫೋನು ತೆಗೆದು ದನಿ ಕೇಳಿಸಿದಳು. ಅಕ್ಕ ಕೇಳಿಸಿಕೊಂಡು ಮುಗುಳ್ನಕ್ಕಳು. "ಛಲೋ ಮಾಡೀವಾ. ಬ್ಯಾರೆದಾರಿಗೆ ಉಪಯೋಗ ಆಗ್ತೈತಿ. ನನಗ ಬ್ಯಾಡ."

ನಿಮ್ಮ ಮಮ್ಮಿ ನನ್ನ ಮಾತು ನೆನಪಿಟ್ಟುಕೊಂಡೇ ಬಂದಿದ್ದಳು. ಬಿಡಲಿಲ್ಲ. "ಹಾಗಲ್ಲ ದೊಡ್ಡವ್ವ, ಇಟ್ಕೊಳ್ಳಿ" ಎಂದಳು. ಅಕ್ಕ ಬೇಡ ಎಂದಳು. ಇವಳು ಅವಳ ಫೋನನ್ನು ಕೈಗೆ ತೆಗೆದುಕೊಂಡು, ನಾನೇ ಹಾಕಿಕೊಡುತ್ತೇನೆ, ಖಾನಾವಳಿ ಬಿಡಿ, ಮನೆಯಲ್ಲೇ ಮಾಡಿ ಎಂದು ಒತ್ತಾಯ ಮಾಡಿದಳು. ಅಕ್ಕ ಅವಳ ಕೈಯಿಂದ ಫೋನು ಬಿಡಿಸಿಕೊಂಡಳು, ಮೆಲ್ಲಗೆ.

"ಬ್ಯಾಡ ಅಂದೆನಲ್ಲವಾ. ಈಗ ಖರೇನ ಬ್ಯಾಡ. ಅಲ್ಲಿ ಮಾತು ಕೊಟ್ಟೀನಿ. ನನ್ನ ರೊಟ್ಟಿ ಬೇಕಂತ ತಾವಾಗಿ ನನ್ನ ಬಾಗಿಲಿಗಿ ಬಂದು ಕೇಳಿದ್ರು."

ನಿಮ್ಮ ಮಮ್ಮಿ ಮತ್ತೆ ಬಾಯಿ ತೆರೆದಾಗ ನಾನು ಅವಳ ಮೊಣಕೈ ಹಿಡಿದೆ. ಅಕ್ಕ ಆಗಲೇ ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದಳು. ಚಹಾ ಮಾಡಿದಳು, ಕುಡಿದೆವು. ಮಳೆಗಾಲದಲ್ಲಿ ಸೋರುವ ತಗಡಿನ ಮಾತು ಆಡಿದೆವು. ಬಾಗಿಲವರೆಗೆ ಬಂದು ಕಳಿಸಿಕೊಟ್ಟಳು, ಒಳಗೆ ಯಾವ ಸಿಟ್ಟೂ ಇರಲಿಲ್ಲ. ಸಿಟ್ಟಿದ್ದಿದ್ದರೆ ಜಗಳವಾಡಿ ಸರಿ ಮಾಡಿಕೊಳ್ಳಬಹುದಿತ್ತು. ಬಸ್ಸಿನಲ್ಲಿ ನಿಮ್ಮ ಮಮ್ಮಿ ಕಿಟಕಿಯ ಕಡೆ ನೋಡುತ್ತ, "ಯಾವಾಗ ಕೇಳಬೇಕು, ಯಾವಾಗ ಬಿಡಬೇಕು, ನನಗೆ ತಿಳಿಯೋದಿಲ್ಲ ಅತ್ತೆ" ಎಂದಳು. ನನಗೂ ತಿಳಿಯಲಿಲ್ಲ ಎಂದೆ. ಆ ದಿನ ನಾನೂ ಇನ್ನೊಂದು ಸಲ ಕೇಳಿದರೆ ಒಪ್ಪುತ್ತಾಳೆ ಎಂದೇ ನಂಬಿ ಹೋಗಿದ್ದೆ.

ಆ್ಯಪು ಈಗ ಚೆನ್ನಾಗಿ ನಡೆಯುತ್ತಿದೆ. ಎಲ್ಲರ ಫೋನಿನಲ್ಲೂ ಹಿಡಿಸಿದೆ, ಭಜನೆಯವಳೂ ದಿನಾ ತೆಗೆದು ಹಾಕುವುದನ್ನು ಬಿಟ್ಟಿದ್ದಾಳೆ. ದನಿಯನ್ನು ಯಾರೂ ಇಳಿಸಿಕೊಂಡಿಲ್ಲ. ಅಕ್ಕ ಮುಂಜಾನೆ ಹೋಗಿ ಸಂಜೆ ಬರುತ್ತಾಳೆ, ಬಂದ ಮೇಲೆ ಕಾಲು ಚಾಚಿ ಮಲಗುತ್ತಾಳೆ, ನಮ್ಮ ಮನೆಯ ಮೂರು ಮಹಡಿ ಹತ್ತಲು ಅವಳಿಗೆ ಆಗುವುದಿಲ್ಲ. ಒಮ್ಮೆ ಖಾನಾವಳಿಯ ಮುಂದೆ ಹೋಗಿ ನಿಂತಿದ್ದೆ. ಒಳಗೆ ಪಾತ್ರೆಗಳ ಸಪ್ಪಳ, ಆರ್ಡರ್ ಕೂಗುವವರ ಸಪ್ಪಳ. ಅವಳು ಬೆನ್ನು ಈಚೆಗೆ ಮಾಡಿ ನಿಂತು ರೊಟ್ಟಿ ಬಡಿಯುತ್ತಿದ್ದಳು. ಕರೆಯಲು ದನಿ ಬರಲಿಲ್ಲ. ಜನರ ನಡುವೆ ನನಗೆ ಯಾವತ್ತೂ ಬಂದದ್ದಿಲ್ಲ. ಸ್ವಲ್ಪ ಹೊತ್ತು ನೋಡಿ ಬಂದುಬಿಟ್ಟೆ.

ಯಾರದ್ದು ತಪ್ಪು ಎಂದು ನೀವು ಕೇಳಬಹುದು. ನಿಮ್ಮ ಮಮ್ಮಿಯದ್ದಲ್ಲ, ದೊಡ್ಡವ್ವನದ್ದೂ ಅಲ್ಲ. ಇಬ್ಬರೂ ತಮಗೆ ಮರ್ಯಾದೆ ಎಂದು ಗೊತ್ತಿದ್ದುದನ್ನೇ ಮಾಡಿದರು. ದೊಡ್ಡವ್ವ ಬರುವುದಿಲ್ಲ ಎಂದು ಮಮ್ಮಿಯ ಮೇಲೆ ಮುನಿಯಬೇಡಿ. ಆ ಪ್ರಶ್ನೆಯನ್ನು ಅವಳ ಎದುರು ಕೇಳಲೂ ಬೇಡಿ. ನೀವೇ ಒಂದು ಸಂಜೆ ಆಂಟಾಪ್ ಹಿಲ್‌ಗೆ ಹೋಗಿ ಬನ್ನಿ. ಅವಳು ಯಾಕೆ ಬಂದಿರಿ, ಹೊತ್ತಾಯಿತು, ದೂರ, ಎಂದು ಬೈಯುತ್ತಾಳೆ. ಬೈದರೂ ಕೂತುಕೊಳ್ಳಿ.

ಮಮ್ಮಿಗೆ ಕನ್ನಡ ಓದಲು ಬರುವುದಿಲ್ಲ. ನಾನು ಇದನ್ನು ಅವಳಿಗೆ ಓದಿ ಹೇಳಲಾರೆ, ನಾಚಿಕೆಯಾಗುತ್ತದೆ. ನಿಮಗೆ ತಡವರಿಸದೆ ಓದಲು ಬಂದ ಮೇಲೆ ಅವಳಿಗೆ ಓದಿ ಕೇಳಿಸುವುದು ನಿಮ್ಮ ಕೆಲಸ. ಅಲ್ಲಿಯ ತನಕ ಈ ಹಾಳೆಗಳನ್ನು ನಿಮ್ಮ ಶಾಲೆಯ ಸರ್ಟಿಫಿಕೇಟು ಇಡುವ ಫೈಲಿನಲ್ಲಿ, ಹಿಂದೆ ಎಲ್ಲಿಯಾದರೂ ಸೇರಿಸಿಡಿ. ಫೋಟೋ ತೆಗೆದುಕೊಂಡು ಕಾಗದ ಬಿಸಾಡಬೇಡಿ. ಒದ್ದೆಯಾಗದಂತೆ ನೋಡಿಕೊಳ್ಳಿ, ನಮ್ಮ ಕಪಾಟಿಗೆ ಮಳೆಗಾಲದಲ್ಲಿ ತಂಪು ಏರುತ್ತದೆ.